ಸ್ಥಳ ತಿಳಿಯದ ಗಾಡಿಚಕ್ರ

ಹುಣಸೂರಿನ ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು. ರಾಷ್ಟ್ರೀಯ ಗ್ರಂಥಾಲಯದವರು ಹಳೆಯ ಪುಸ್ತಕ, ನಕ್ಷೆ, ಫೋಟೊಗಳನ್ನು ಇಂಟರ್‌ನೆಟ್ಟಿಗೆ ಏರಿಸಿದ ಮೇಲೆ, ಭಾನುವಾರ ಬೆಳಿಗ್ಗೆ ಅವುಗಳಲ್ಲಿ ನಮ್ಮ ಸೀಮೆಯನ್ನು ಹುಡುಕುವುದು ನನಗೆ ಚಟವಾಯಿತು. ಒಮ್ಮೆ ಎತ್ತಿನಗಾಡಿ ಕಟ್ಟುವ ಅಂಗಳವೊಂದರ ಫೋಟೊ ಸಿಕ್ಕಿತು. ಕೆಳಗೆ 'ಮೈಸೂರು ಸೀಮೆ, ಸ್ಥಳ ತಿಳಿದಿಲ್ಲ' ಎಂದಷ್ಟೇ ಬರೆದಿತ್ತು. ಮುಂದೆ ದಪ್ಪ ಚಕ್ರಗಳು, ಅವಕ್ಕೆ ಕಬ್ಬಿಣದ ಪಟ್ಟಿ ಕೂರಿಸುವ ದುಂಡುಗಲ್ಲು, ಪಕ್ಕದಲ್ಲಿ ಸುತ್ತಿಗೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತ ಒಬ್ಬ ಮನುಷ್ಯ.

ಅಂಥದೇ ಕಲ್ಲು ನಮ್ಮ ಬೀದಿಯ ಸಾಹೇಬರ ಅಂಗಳದಲ್ಲಿದೆ. ತಲೆಮಾರುಗಳಿಂದ ಗಾಡಿ ಕಟ್ಟಿದ ಮನೆತನ ಅವರದು. ಸ್ಥಳ ಹುಣಸೂರೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಗ್ರಂಥಾಲಯಕ್ಕೆ ಪತ್ರ ಬರೆದು ಮುಗಿಸಿ, ಅಂಚೆಗೆ ಹಾಕುವ ಮೊದಲು ಸಂತೋಷದ ಸುದ್ದಿ ಹೇಳೋಣವೆಂದು ಫೋಟೊದ ಪ್ರಿಂಟ್ ಹಿಡಿದು ಅವರಲ್ಲಿಗೆ ಹೋದೆ.

ಸಾಹೇಬರು ಕಲ್ಲನ್ನು ನೋಡಲೇ ಇಲ್ಲ. ಚಕ್ರವನ್ನೇ ಬಹಳ ಹೊತ್ತು ನೋಡಿದರು.

"ಇದು ನಮ್ದಲ್ಲ ಕಣ್ರೀ ಮೇಷ್ಟ್ರೇ. ನಡುವಿನ ಗುಂಬ ನೋಡಿ, ಎಷ್ಟು ದಪ್ಪ ಐತೆ. ಕಾಡಿಂದ ದಿಮ್ಮಿ ಎಳ್ಯೋ ಗಾಡಿ. ಕೋಟೆ ತಾಲ್ಲೂಕಿನ ಕಡೇದು."

ನಾನು ಕಲ್ಲಿನ ವಿಷಯ ಎತ್ತಿ ವಾದಿಸಿದೆ. ಗಾಡಿ ಕಟ್ಟುವ ಕಡೆಯೆಲ್ಲ ಅಂಥ ಕಲ್ಲು ಇರುತ್ತದೆಂದು ಅವರು ತಣ್ಣಗೆ ಹೇಳಿದರು. ಆ ಕಡೆಯ ಸರಗೂರಿನಲ್ಲಿ ತಮ್ಮ ಸೋದರಮಾವನ ಮನೆಯವರು ಇಂಥವೇ ಚಕ್ರ ಮಾಡುತ್ತಿದ್ದರಂತೆ. ಪ್ರಾಯದಲ್ಲಿ ಇವರೂ ಅಲ್ಲಿ ಕೆಲಸ ಮಾಡಿದ್ದರಂತೆ.

ಮರುವಾರ ಇಬ್ಬರೂ ಬಸ್ಸು ಹತ್ತಿ ಸರಗೂರಿಗೆ ಹೋದೆವು. ಮಾವನ ಮನೆಗೆ ತಾರಸಿ ಬಂದಿತ್ತು, ಅಂಗಳ ಅರ್ಧವಾಗಿತ್ತು. ದುಂಡುಗಲ್ಲು ಮಾತ್ರ ಹಿತ್ತಲಲ್ಲಿತ್ತು. ಅದರ ಮೇಲೆ ಒಣಗಲು ಹಾಕಿದ್ದ ಮೆಣಸಿನಕಾಯನ್ನು ಮನೆಯಾಕೆ ಬಾಚಿಕೊಂಡರು. ಅಂಚಿನಲ್ಲಿ ಒಂದು ಕಡೆ ಅಂಗೈಯಗಲ ಚೂರು ಹಾರಿಹೋಗಿತ್ತು. ಫೋಟೊದಲ್ಲೂ ಅದೇ ಆಕಾರದ ಮುಕ್ಕು. ನಾನು ಎರಡನ್ನೂ ಮತ್ತೆ ಮತ್ತೆ ಹೋಲಿಸುತ್ತಿದ್ದರೆ, ಸಾಹೇಬರು ಸುತ್ತಿಗೆ ಹಿಡಿದವನ ಮುಖದ ಮೇಲೆ ಬೆರಳಿಟ್ಟಿದ್ದರು.

"ನಮ್ಮ ಮಾವನ ಅಪ್ಪ, ಅಂದ್ರೆ ನಮ್ಮ ತಾತ ಇರ್ಬೋದು," ಎಂದರು. "ಪ್ರಾಯದ ಮುಖ ನಾ ಕಂಡಿಲ್ಲ, ಗ್ಯಾರಂಟಿ ಯೋಳಕ್ಕಾಗಲ್ಲ. ಇರ್ಬೋದು."

ಹಳೆಯ ಪತ್ರವನ್ನು ಹರಿದು ಹೊಸದು ಬರೆದೆ. ಗುಂಬದ ಬಗ್ಗೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಸೇರಿಸಿದೆ. ಮುಖದ ವಿಷಯ ಬರೆಯಲಿಲ್ಲ; ಅದು ಅವರದು. ಕೆಲವು ತಿಂಗಳಲ್ಲಿ ಫೋಟೊದ ಕೆಳಗೆ 'ಸರಗೂರು' ಎಂದು ಬಂತು, ಮಾಹಿತಿ ಕೊಟ್ಟವರು ಹುಣಸೂರಿನ ಗಾಡಿ ಕಟ್ಟುವ ಕುಶಲಕರ್ಮಿ ಎಂದೂ ಇತ್ತು. ಮೊಬೈಲಿನಲ್ಲಿ ತೋರಿಸಿದಾಗ ಸಾಹೇಬರು ಎರಡು ಸಲ ಓದಿಸಿಕೊಂಡರು. ಆಮೇಲೆ, ಗ್ರಂಥಾಲಯದವರ ಹತ್ತಿರ ಬೇರೆ ಚಕ್ರದ ಫೋಟೊಗಳೂ ಇವೆಯೇ ಎಂದು ಕೇಳಿದರು. ಬೇಕಾದಷ್ಟಿದ್ದವು. ಈಗ ಭಾನುವಾರ ಅವರ ಜಗಲಿಯಲ್ಲಿ ಇಬ್ಬರೂ ಕೂತು ನೋಡುತ್ತೇವೆ.