ಹಣೆ ಬೆಚ್ಚಗಾದ ಕಡೆ

ಕರೆಂಟು ಹೋಗಬಹುದಿತ್ತು. ಹೋದರೆ ಜನರೇಟರ್ ಇದೆ ಎಂದರು. ಜನರೇಟರ್ ಶುರುವಾಗದೇ ಇರಬಹುದಿತ್ತು. ಶುರುವಾಗಿ, ಅದರ ಸದ್ದಿಗೆ ನಾಟಕದ ಒಂದು ಮಾತೂ ಕೇಳಿಸದೇ ಹೋಗಬಹುದಿತ್ತು. ಕಾಫಿ ಹೂ ಅರಳಿಸುವ ಹೂಮಳೆಯ ಕಾಲ, ಲೈಟಿನ ಬೋರ್ಡಿನ ಮೇಲೆ ಕಟ್ಟಿದ್ದ ಟಾರ್ಪಾಲು ನೀರು ತುಂಬಿಕೊಂಡು ನನ್ನ ನೆತ್ತಿಯ ಮೇಲೇ ಮಗುಚಬಹುದಿತ್ತು. ಮಳೆ ನಿಂತ ಮೇಲೆ ಮಳೆಹುಳ ಎದ್ದು ದೀಪಕ್ಕೆ ಮುತ್ತಿ, ನಾಯಕಿ ಬಾಯಿ ತೆರೆದಾಗ ಒಳಗೇ ಹೋಗಬಹುದಿತ್ತು. ಹತ್ತಿರದಲ್ಲಿ ಆನೆ ಇದೆ ಎಂಬ ಅರಣ್ಯ ಇಲಾಖೆಯ ಮೆಸೇಜು ಎಲ್ಲರ ಮೊಬೈಲಿಗೂ ಒಟ್ಟಿಗೇ ಬಂದು ಜನ ಎದ್ದು ಜೀಪು ಹತ್ತಬಹುದಿತ್ತು. ಮೆಸೇಜು ಬಾರದೆ ಆನೆಯೇ ಬರಬಹುದಿತ್ತು. ನೆಲದ ವೈರು ಎಡವಿ ಯಾರಾದರೂ ಬೀಳಬಹುದಿತ್ತು, ಆ ಯಾರಾದರೂ ಬಹುತೇಕ ನಾನೇ ಆಗಿರುತ್ತಿದ್ದೆ.

ಇವನ್ನೆಲ್ಲ ಪಾಠದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ನಂಬರು ಹಾಕಿ ಬರೆದಿದ್ದೆ. ಒಟ್ಟು ಇಪ್ಪತ್ತಮೂರು. ಒಂದೊಂದರ ಎದುರಿಗೂ ಪರಿಹಾರ ಇತ್ತು. ಆನೆಯ ಎದುರಿಗೆ ಮಾತ್ರ ‘ದೇವರು’ ಎಂದು ಬರೆದಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಆದರೆ ಆನೆಯ ವಿಷಯದಲ್ಲಿ ವಿಜ್ಞಾನಕ್ಕೂ ಒಂದು ಮಿತಿ ಇದೆ.

ಆ ಸಂಜೆ ಇಪ್ಪತ್ತಮೂರರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಪ್ಪತ್ತನಾಲ್ಕನೆಯದು. ಸಣ್ಣದು. ಅದನ್ನು ಹೇಳಬೇಕಾದರೆ ಹೂವಣ್ಣನ ಬೆರಳುಗಳಿಂದ ಶುರು ಮಾಡಬೇಕು.

ಹೂವಣ್ಣ ಲೈಟಿನ ಬೋರ್ಡನ್ನು ನೋಡುತ್ತಿರಲಿಲ್ಲ. ಹಾರ್ಮೋನಿಯಮ್ಮಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ ಅದು. ಮೇಲೆ ಹನ್ನೆರಡು ಜಾರುಹಿಡಿಗಳು, ಒಂದೊಂದಕ್ಕೂ ರಂಗದ ಮೇಲೆ ಒಂದೊಂದು ದೀಪ. ಮೇಲಕ್ಕೆ ತಳ್ಳಿದರೆ ಬೆಳಕು, ಕೆಳಕ್ಕೆ ಎಳೆದರೆ ಕತ್ತಲೆ. ಆರನೆಯ ಹಿಡಿಗೆ ಅರ್ಧ ಕಾಫಿ ಬೀಜ ಅಂಟಿಸಿದ್ದ, ಒಂಬತ್ತನೆಯದಕ್ಕೆ ಒಂದು ಕಾಳುಮೆಣಸು. ಎಲ್ಲ ದೀಪಗಳನ್ನೂ ಒಟ್ಟಿಗೆ ಆಳುವ ದೊಡ್ಡ ಹಿಡಿಯ ಮೇಲೆ ಹುಣಸೆ ಬೀಜ. ಕತ್ತು ನೆಟ್ಟಗೆ, ಮುಖ ರಂಗದ ಕಡೆಗೆ. ಬೆರಳುಗಳು ಮಾತ್ರ ಬೀಜದಿಂದ ಬೀಜಕ್ಕೆ ನಡೆಯುತ್ತಿದ್ದವು. “ಬೋರ್ಡ್ ನೋಡೋನು ಟೈಪಿಸ್ಟು ಕಣ್ರೀ. ನಾಟ್ಕ ನೋಡೋನು ಲೈಟ್‌ನೋನು” ಎನ್ನುತ್ತಿದ್ದ.

ಎದುರಿಗೆ ಇದ್ದಾಗ ಅವನಿಗೆ ಬಹುವಚನವೇ. ಏಕವಚನದಲ್ಲಿ ಬರೆಯುವಷ್ಟು ಧೈರ್ಯ ಈಗ, ಅವನು ಕೇಳಿಸಿಕೊಳ್ಳಲಾರ ಎಂದ ಮೇಲೆ ಬಂದಿದೆ. ಆನೇಮಹಲ್‌ನಲ್ಲಿ ರಸ್ತೆ ಪಕ್ಕಕ್ಕೇ ಅವನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲ ಎಸ್ಟೇಟುಗಳ ಪಂಪ್‌ಸೆಟ್ಟುಗಳೆಲ್ಲ ಸುಟ್ಟು ಬರುತ್ತಿದ್ದದ್ದು ಅಲ್ಲಿಗೆ. ಮನೆ ಅಂಗಡಿಯ ಹಿಂದೆಯೇ, ಒಬ್ಬನೇ ಇದ್ದ. ಸಂಜೆಯಾದರೆ ನಮ್ಮ ಹವ್ಯಾಸಿ ತಂಡದ ನಾಟಕಗಳಿಗೆ, ಶಾಲೆಗಳ ವಾರ್ಷಿಕೋತ್ಸವಗಳಿಗೆ ಬೆಳಕು. ಅವನಿಗೆ ಹೂವಣ್ಣ ಎಂದು ಹೆಸರಿಟ್ಟವರು ಅವನು ಮಾತು ಕಲಿಯುವ ತನಕ ಕಾಯಬೇಕಿತ್ತು.

ನಾನು ತಂಡ ಸೇರಿದ್ದು ನಲವತ್ತರ ಮೇಲೆ, ನಟಿಸಲು. ಮೊದಲ ತಾಲೀಮಿನಲ್ಲೇ ನನ್ನ ನಟನೆ ನೋಡಿದ ಹೂವಣ್ಣ, “ಮೇಡಮ್ಮೋರೆ, ನಿಮ್ಗೆ ಕತ್ಲೆ ಒಪ್ತೈತೆ. ಬನ್ನಿ, ಈ ಕಡೆ ಕೂತ್ಕಳಿ” ಎಂದು ಬೋರ್ಡಿನ ಪಕ್ಕಕ್ಕೆ ಕರೆದ. ಎಲ್ಲರೂ ನಕ್ಕರು. ನಾನೂ ನಕ್ಕು ಹೋಗಿ ಕೂತೆ. ಅವಮಾನವಾದಾಗ ಮೊದಲು ನಗುವವಳು ನಾನೇ.

“ಮಕ್ಳಿಗೆ ಕರೆಂಟ್ ಪಾಠ ಮಾಡ್ತೀರಲ್ಲ, ಒಂದ್ ಸಲನಾದ್ರೂ ಹೊಡೆಸ್ಕಂಡಿದೀರಾ?”

“ಇಲ್ಲಪ್ಪ.”

“ಹಂಗಾದ್ರೆ ಓದಿರೋದಷ್ಟೇ. ಎದ್ದೋಗಿ ಸ್ಟೇಜ್ ಮೇಲೆ ನಿಂತ್ಕಳಿ.”

ಹೋಗಿ ನಿಂತೆ. ಒಂದೇ ಒಂದು ದೀಪ ಹಚ್ಚಿ, ಕಣ್ಣು ಮುಚ್ಚಿಕೊಳ್ಳಿ ಎಂದ. “ಈಗ ಲೈಟ್ ಎಲ್ಲೈತೆ ಹುಡುಕಿ.” ಕಣ್ಣು ಮುಚ್ಚಿಕೊಂಡು ಬೆಳಕು ಹುಡುಕುವುದು ಹೇಗೆ? ಪರದೆಗೆ ಡಿಕ್ಕಿ ಹೊಡೆದೆ, ಕುರ್ಚಿ ಎಡವಿದೆ. “ಕೈಯಲ್ಲಲ್ಲ ಕಣ್ರೀ, ಹಣೆಯಲ್ಲಿ ಹುಡುಕಿ. ಹಣೆ ಬೆಚ್ಚಗಾದ ಕಡೆ ನಿಂತ್ಕಳಿ” ಎಂದು ಕೂಗಿದ. ಆಗ ಇದ್ದದ್ದು ಹಳೇ ಕಾಲದ ಸಾವಿರ ವ್ಯಾಟಿನ ದೀಪಗಳು, ಹತ್ತಿರ ಹೋದರೆ ಒಲೆಯ ಮುಂದೆ ನಿಂತ ಹಾಗೆ. ನಿಧಾನಕ್ಕೆ ಗೊತ್ತಾಯಿತು: ಎಡಹುಬ್ಬು ತಣ್ಣಗೆ, ಬಲಹುಬ್ಬು ಬಿಸಿ. ಬಲಕ್ಕೆ ಒಂದು ಹೆಜ್ಜೆ. ಈಗ ಹಣೆ ಪೂರಾ ಬಿಸಿ. ಕಣ್ಣು ಬಿಟ್ಟರೆ ಬೆಳಕಿನ ನಟ್ಟ ನಡುವೆ ಇದ್ದೆ. ಆ ದಿನ ಮುಕ್ಕಾಲು ಗಂಟೆ ಹಾಗೇ ನಿಲ್ಲಿಸಿದ. ಬೆವರು ಇಳಿದು ಕುಂಕುಮ ಮೂಗಿನ ತುದಿಗೆ ಬಂತು. “ನಟ್ರು ತಿನ್ನೋದು ಇದನ್ನ. ಬೋರ್ಡಿನ ಹಿಡಿ ಮುಟ್ಟೋಕ್ ಮುಂಚೆ ನೆಪ್ಪಿರ್ಲಿ” ಎಂದು ದೀಪ ಆರಿಸಿದ.

ಅವನ ಕೈಯ ಕ್ರೌರ್ಯ ನೋಡಿದ್ದು ಅದೇ ವರ್ಷ. ನಮ್ಮ ತಂಡದ ನಾಯಕನಟ ಇನ್ಶೂರೆನ್ಸ್ ಏಜೆಂಟ್ ರಂಗೇಗೌಡರು. ರಾಜನ ಪಾತ್ರ, ಕೊನೆಯಲ್ಲಿ ಉದ್ದನೆಯ ಸಾವು. ತಾಲೀಮಿನಲ್ಲಿ ಅವರು ಬೋರ್ಡಿನ ಹತ್ತಿರ ಬಂದು, “ಏ ಹೂವಣ್ಣ, ನನ್ ಮುಖಕ್ಕೆ ಒಂಚೂರು ಜಾಸ್ತಿ ಬುಡೋ ಮಾರಾಯ. ಜನ ಬರೋದು ನನ್ನ ನೋಡಕ್ಕೆ, ನಿನ್ ಲೈಟ್ ನೋಡಕ್ಕಲ್ಲ” ಎಂದರು.

“ಆಯ್ತು ಬುಡಿ ಸ್ವಾಮಿ” ಎಂದ ಹೂವಣ್ಣ. ಅವನು ಅಷ್ಟು ಸುಲಭವಾಗಿ ಆಯ್ತು ಅನ್ನುವವನಲ್ಲ.

ಪ್ರದರ್ಶನದ ದಿನ ರಾಜ ಸಾಯಲು ಮಲಗಿದ. ಹೂವಣ್ಣನ ಬೆರಳು ಕಾಳುಮೆಣಸನ್ನು ಹಿಡಿದು ಕೂದಲೆಳೆಯಷ್ಟೇ ಇಳಿಸುತ್ತ ಬಂತು. ರಂಗೇಗೌಡರ ಮುಖ ಕತ್ತಲಾಯಿತು. ಸಾಯುತ್ತಿದ್ದ ರಾಜ ಮಾತು ನಿಲ್ಲಿಸದೆ ಬಲಕ್ಕೆ, ಬೆಳಕಿದ್ದ ಕಡೆಗೆ ಹೊರಳಿದ. ಬಲಗಡೆಯದೂ ಇಳಿಯಿತು. ರಾಜ ಎದ್ದು ಎಡಕ್ಕೆ ನಡೆದ. ಎಡಗಡೆಯದೂ ಹೋಯಿತು. ಎದೆಗೆ ಬಾಣ ನಾಟಿಸಿಕೊಂಡವನು ಇಡೀ ರಂಗದಲ್ಲಿ ಬೆಳಕಿನ ಹಿಂದೆ ಓಡಾಡಿ, ಕೊನೆಗೆ ಪೂರ್ತಿ ಕತ್ತಲೆಯಲ್ಲಿ ಸತ್ತ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಬಣ್ಣದ ಕೋಣೆಯಲ್ಲಿ ರಂಗೇಗೌಡರು ಕಿರೀಟ ತೆಗೆಯದೆ ಕೂತು ಅತ್ತರು. ಹೂವಣ್ಣ ಬಾಗಿಲಲ್ಲಿ ನಿಂತು, “ಜನ ನಿಮ್ಮನ್ನ ನೋಡಕ್ ಬಂದವ್ರೆ ಅಂದ್ರಲ್ಲ ಸ್ವಾಮಿ. ಕತ್ಲಲ್ಲೂ ನೋಡ್ತಾರೆ ಅನ್ಕಂಡೆ” ಎಂದ.

ನಾನು ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ. ಇದನ್ನು ಬಿಟ್ಟು ಬರೆಯೋಣ ಎಂದುಕೊಂಡಿದ್ದೆ, ಆಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವನು ನನಗೊಂದು ಹೊಸ ಪಾಠ ಶುರು ಮಾಡಿದ. ನಾಟಕ ನಡೆಯುವಾಗ ಅವನ ಕಿವಿಯ ಹತ್ತಿರ ಪಿಸುದನಿಯಲ್ಲಿ ನಾನು ಕಂಡದ್ದನ್ನೆಲ್ಲ ಹೇಳಬೇಕು. “ಏನ್ ಕಾಣ್ತೈತೆ?” “ಬಾಗಿಲ ಹತ್ರ ನಿಂತಳು.” “ಈಗ?” “ಎರಡು ಹೆಜ್ಜೆ ಮುಂದೆ ಬಂದಳು, ಕೂತಳು.” ತಡವಾದರೆ ಟೆಸ್ಟರಿನಿಂದ ನನ್ನ ಬೆರಳ ಗಂಟಿಗೆ ಏಟು. “ಕಣ್ಣು ಎಲ್ಲಿ ಅಡ ಇಟ್ ಬಂದ್ರಿ?” ಎನ್ನುತ್ತಿದ್ದ. ನನ್ನ ಗಮನವನ್ನು ಪಳಗಿಸುತ್ತಿದ್ದಾನೆ ಎಂದೇ ನಂಬಿದ್ದೆ. ಮನೆಯಲ್ಲಿ ಟಿವಿ ಹಾಕಿಕೊಂಡು ಗೋಡೆಗೆ ಪಿಸುಗುಟ್ಟಿ ಅಭ್ಯಾಸ ಮಾಡುತ್ತಿದ್ದೆ. ಗಂಡ ನನ್ನನ್ನು ಡಾಕ್ಟರಿಗೆ ತೋರಿಸುವ ಮಾತಾಡಿದರು.

ಅನುಮಾನ ಬಂದದ್ದು ಒಂದು ತಾಲೀಮಿನಲ್ಲಿ. ಮೂರನೆಯ ದೀಪ ಸುಟ್ಟುಹೋಗಿತ್ತು. “ಮೂರು ಹತ್ತಿಲ್ಲ ಹೂವಣ್ಣ” ಎಂದೆ. “ಹತ್ತೈತೆ, ಸರ್ಯಾಗಿ ನೋಡ್ರೀ” ಎಂದ, ರಂಗವನ್ನೇ ದಿಟ್ಟಿಸುತ್ತ. ಸುಮ್ಮನೆ ಮನೆಗೆ ಹೋಗಿ ಯೋಚಿಸಿದೆ. ಒಂದು ಸಂಜೆ ಅವನ ಅಂಗಡಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ಮೆತ್ತಗೆ ಕೇಳಬಹುದಿತ್ತು. ಆದರೆ ನಾನು ವಿಜ್ಞಾನದ ಟೀಚರ್, ಪ್ರಯೋಗ ಮಾಡಿದೆ. ಸತ್ಯ ಇನ್ನೂ ಕೆಟ್ಟದಿದೆ: ಅಷ್ಟು ಹೊತ್ತಿಗೆ ನನಗೆ ಆ ಬೋರ್ಡು ಬೇಕಾಗಿತ್ತು.

ಮಾರನೆಯ ತಾಲೀಮು. ಬ್ಯಾಂಕಿನ ಸುಮಿತ್ರ ಬಾಗಿಲ ಹತ್ತಿರ ನಿಂತು ಮಾತಾಡುತ್ತಿದ್ದಳು. ಅವಳು ಕೂತ ತಕ್ಷಣ ಬಾಗಿಲ ದೀಪ ಇಳಿಯಬೇಕು, ಅದು ಕ್ರಮ. ಅವಳು ನಿಂತೇ ಇದ್ದಳು. ನಾನು ಹೂವಣ್ಣನ ಕಿವಿಯಲ್ಲಿ, “ಕೂತಳು” ಎಂದೆ.

ಅರ್ಧ ಕಾಫಿ ಬೀಜ ಮೃದುವಾಗಿ ಕೆಳಗಿಳಿಯಿತು. ಸುಮಿತ್ರ ಅರ್ಧ ಮಾತಿನಲ್ಲಿ ಕತ್ತಲಾದಳು. “ಹೂವಣ್ಣ! ನಾನಿನ್ನೂ ನಿಂತೇ ಇದೀನಲ್ಲ ಮಾರಾಯ್ರೆ!” ಎಂದು ಕೂಗಿದಳು. ಎಂದಿನ ಕಿಡಿಗೇಡಿತನ ಎಂದುಕೊಂಡು ಎಲ್ಲರೂ ನಕ್ಕರು. ಹೂವಣ್ಣ ನನ್ನ ಕಡೆ ತಿರುಗಿದ. ನನ್ನ ಕಡೆ ಅಲ್ಲ, ನನ್ನ ಭುಜದ ಪಕ್ಕದ ಖಾಲಿ ಜಾಗದ ಕಡೆ.

“ಕೂತಿಲ್ಲ, ಅಲ್ವಾ?”

“ಇಲ್ಲ.”

“ಪರೀಕ್ಷೆ ಮಾಡುದ್ರಾ?”

ಇಳಿದಿದ್ದ ಕಾಫಿ ಬೀಜವನ್ನು ನಾನೇ ಮೇಲಕ್ಕೆ ತಳ್ಳಿದೆ.

“ಪಾಸಾಗ್ಬುಟ್ರಿ ಬುಡಿ. ನಾಳೆಯಿಂದ ನೀವೇ ಕೂತ್ಕಳಿ.” ಹುಣಸೆ ಬೀಜವನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದ. “ಒಂದ್ ಮಾತು. ಯಾರ್ಗೂ ಹೇಳ್ಬ್ಯಾಡಿ. ಕಣ್ ಕಾಣ್ದೋನ ಕೈಗೆ ಮೋಟ್ರು ಯಾವೋನು ಕೊಡ್ತಾನೆ? ಅಲ್ದೆ ಈ ಊರ್ನೋರು ಅಯ್ಯೋ ಪಾಪ ಅನ್ನೋದು ಕೇಳುದ್ರೆ ನಂಗೆ ವಾಂತಿ ಬರ್ತೈತೆ.”

ಹೇಳಲಿಲ್ಲ. ಆ ಒಂದು ಮಾತು ಮಾತ್ರ ಉಳಿಸಿಕೊಂಡೆ. ಹೂವಣ್ಣ ಮುನಿಸಿಕೊಂಡು ತಂಡ ಬಿಟ್ಟುಹೋದ ಎಂದೇ ಊರು ನಂಬಿತು. ಅಂಗಡಿ ನಡೆಯುತ್ತಲೇ ಇತ್ತು. ತಂತಿಯ ಸುತ್ತುಗಳನ್ನು ಅವನು ಮೊದಲಿನಿಂದಲೂ ಬೆರಳಲ್ಲೇ ಎಣಿಸುತ್ತಿದ್ದ. ಗಿರಾಕಿಗಳನ್ನು ಬೈಕಿನ ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದ. ಬೈಗುಳಕ್ಕೆ ಹೆದರಿ ಯಾರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ, ಗುಟ್ಟು ಉಳಿಯಿತು.

ನಾನು ಬೋರ್ಡಿಗೆ ಕೂತ ಮೇಲೆ ಮಾಡಿದ ಮೊದಲ ಕೆಲಸ ಹೆದರುವುದು. ಆ ಬಿಸಿ ದೀಪಗಳಿಂದ ಪರದೆಗೆ ಬೆಂಕಿ ಹತ್ತಿದರೆ? ತಂಡದ ತಲೆ ತಿಂದು ಹೊಸ ಎಲ್‌ಇಡಿ ದೀಪಗಳನ್ನೂ ಹೊಸ ಬೋರ್ಡನ್ನೂ ತರಿಸಿದೆ. ಕೈಯಿಟ್ಟರೂ ಸುಡದ ದೀಪಗಳು. ಬೋರ್ಡು ಎಲ್ಲವನ್ನೂ ನೆನಪಿಟ್ಟುಕೊಂಡು, ಒಂದು ಗುಂಡಿ ಒತ್ತಿದರೆ ತಾನೇ ಮುಂದಿನ ಬೆಳಕಿಗೆ ಹೋಗುತ್ತದೆ. ಹೊಸ ದೀಪಗಳ ಮೊದಲ ಪ್ರದರ್ಶನದಲ್ಲಿ, ನಾಟಕಕ್ಕೆ ಮುಂಚೆ ಹೂವಣ್ಣನಿಗೆ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಸೂಚಿಸಿದವಳು ನಾನು. ಪಾಪಕ್ಕೆ ಹಾರ ಹಾಕಿದರೆ ಕಡಿಮೆಯಾದೀತು ಎಂಬ ಲೆಕ್ಕ.

ಕರೆಯಲು ಅಂಗಡಿಗೆ ಹೋದಾಗ ಅವನು ಬಾಗಿಲಿಗೆ ಮುಖ ಮಾಡಿ ಕೂತಿದ್ದ. “ಮೇಡಮ್ಮೋರೆ, ಚಪ್ಲಿ ಬದ್ಲಾಯ್ಸಿದೀರಿ” ಎಂದ. ಹೊಸ ಬೋರ್ಡಿನ ವಿಷಯ ಹೇಳಿದೆ. “ಒಂದ್ ಗುಂಡಿ ಒತ್ತೋದಾ? ಹಂಗಾದ್ರೆ ನೀವು ಲಿಫ್ಟ್ ಆಪರೇಟ್ರು” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. “ಹಗ್ಲೂ ರಾತ್ರೀನೂ ಒಂದೇ ಆಗ್ಬುಟ್ಟೈತೆ. ಬರ್ತೀನಿ. ಆದ್ರೆ ಕೈ ಹಿಡ್ಕಂಡು ಯಾರೂ ಕರ್ಕಂಡೋಗ್ಬಾರ್ದು. ಸ್ಟೇಜೆಲ್ಲ ಕತ್ಲೆ ಮಾಡಿ, ಮಧ್ಯಕ್ಕೆ ಒಂದೇ ಒಂದ್ ಲೈಟ್ ಬುಡಿ. ನಾನೇ ನಡ್ಕಂಡೋಗಿ ನಿಂತ್ಕಳ್ತೀನಿ. ಊರ್ಗೆ ಅಷ್ಟು ಕಂಡ್ರೆ ಸಾಕು.”

“ಎಷ್ಟು ಹೆಜ್ಜೆ ಅಂತ ಅಳೆದು ಹೇಳಲಾ?”

“ಹೆಜ್ಜೆ ಎಣಿಸ್ಕಂಡು ನಡೆಯೋರು ಕುರುಡ್ರು. ನಂಗೆ ಹಣೆ ಹೇಳ್ತೈತೆ ಬುಡಿ.”

ಆಯ್ತು ಎಂದು ತಲೆಯಾಡಿಸಿದೆ. ಅವನಿಗೆ ತಲೆಯಾಡಿಸಿದ್ದು ಕಾಣದೆಂದು ನೆನಪಾಗಿ, ಆಯ್ತು ಎಂದು ಬಾಯಲ್ಲೂ ಹೇಳಿದೆ. ನನ್ನ ತಲೆಯೊಳಗೆ ಆಗ ಆನೆ ಓಡಾಡುತ್ತಿತ್ತು.

ಪ್ರದರ್ಶನ ಹಾನುಬಾಳಿನ ಹತ್ತಿರದ ಎಸ್ಟೇಟಿನ ಕಾಫಿ ಕಣದಲ್ಲಿ. ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು, ಸಿಮೆಂಟು ನೆಲದ ಮೇಲೆ ಕುರ್ಚಿಗಳು, ಒಂದು ತುದಿಗೆ ರಂಗ. ನಾನೇ ಜೀಪಿನಲ್ಲಿ ಅವನನ್ನು ಕರೆತಂದು ರಂಗದ ಪಕ್ಕದ ಪರದೆಯವರೆಗೆ ಬಿಟ್ಟು, ಬಂದು ಬೋರ್ಡಿಗೆ ಕೂತೆ. ಅವನದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಟೆಸ್ಟರು. ಅವನ ಹೆಸರು ಕೂಗಿದರು. ರಂಗ ಕತ್ತಲು ಮಾಡಿ, ನಡುವಿನ ಒಂದೇ ದೀಪ ಹಚ್ಚಿದೆ. ಮಳೆ ಇಲ್ಲ, ಹುಳ ಇಲ್ಲ, ಕರೆಂಟು ಇದೆ. ನಿಟ್ಟುಸಿರು ಬಿಟ್ಟೆ.

ಹೂವಣ್ಣ ನೆಟ್ಟಗೆ, ಚೆನ್ನಾಗಿಯೇ ನಡೆದು ಬಂದ. ಬೆಳಕಿನ ವೃತ್ತ ಎರಡು ಹೆಜ್ಜೆ ಇದೆ ಎನ್ನುವಾಗ ನಿಧಾನ ಮಾಡಿದ. ಮುಖ ಎತ್ತಿದ. ನಿಂತ. ಎಡಕ್ಕೆ ಅರ್ಧ ಹೆಜ್ಜೆ, ಬಲಕ್ಕೆ ಅರ್ಧ ಹೆಜ್ಜೆ. ಬೆಳಕಿನ ಅಂಚಿನ ಹೊರಗೆ ಅವನದೊಂದು ನೆರಳು ಹಣೆಯನ್ನು ಅತ್ತಿತ್ತ ತಿರುಗಿಸುತ್ತ ನಿಂತಿತ್ತು. ಹಾರ ಹಿಡಿದವರು ಪಕ್ಕದಲ್ಲಿ ಕಾಯುತ್ತಿದ್ದರು. ಆಗ ಮುಂದಿನ ಸಾಲಿನಿಂದ ರಂಗೇಗೌಡರ ದನಿ: “ಬುಡು ಹೂವಣ್ಣ, ಕತ್ಲಲ್ಲೂ ನೋಡ್ತಾರೆ!”

ಕಣವೆಲ್ಲ ನಕ್ಕಿತು. ನನಗೆ ಗಾಬರಿ. ಬೋರ್ಡಿನ ಎಲ್ಲ ಹಿಡಿಗಳನ್ನೂ ಒಂದೇ ಸಲ ಮೇಲಕ್ಕೆ ತಳ್ಳಿಬಿಟ್ಟೆ. ಎಲ್ಲ ದೀಪಗಳೂ ಹತ್ತಿದವು. ಎಲ್ಲಿ ನಿಂತರೂ ಬೆಳಕೇ. ಇನ್ನು ಅವನು ಹುಡುಕಬೇಕಾಗಿಲ್ಲ ಎಂದುಕೊಂಡೆ.

ಅವನು ಹುಡುಕುತ್ತಲೇ ಇದ್ದ. ಹಗಲಿನಂಥ ಬೆಳಕಿನಲ್ಲಿ, ಅಷ್ಟೂ ಜನರ ಎದುರಿಗೆ, ಎರಡೂ ಕೈ ಮುಂದಕ್ಕೆ ಚಾಚಿ, ಹಣೆ ಮೇಲೆತ್ತಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದ. ನಗು ಒಂದೊಂದು ಸಾಲಿನಲ್ಲೇ ನಿಂತಿತು. ಆ ಮೌನಕ್ಕೆ ಅವನು ನನ್ನ ಕಡೆ, ನನಗಿಂತ ಸ್ವಲ್ಪ ಆಚೆ, ಮುಖ ಮಾಡಿ ಕೇಳಿದ:

“ಲೈಟ್ ಹಾಕಿ ಮೇಡಮ್ಮೋರೆ. ಯಾಕ್ ಸತಾಯಿಸ್ತೀರಿ?”

ಹೆಣ್ಣುಮಕ್ಕಳ ಸಾಲಿನಲ್ಲಿ ಯಾರೋ “ಅಯ್ಯೋ ಪಾಪ” ಎಂದರು.

ಮರುದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ವಾರದೊಳಗೆ ರಿಪೇರಿಗೆ ಬಂದಿದ್ದ ಮೋಟಾರುಗಳನ್ನು ಜನ ಒಬ್ಬೊಬ್ಬರೇ ಬಂದು ವಾಪಸ್ಸು ಒಯ್ದರು. ಅವನು ಹೊಂಗಡಹಳ್ಳದ ತಂಗಿಯ ಮನೆಗೆ ಹೋದ. ವರ್ಷ ತುಂಬುವ ಮೊದಲೇ ತೀರಿಕೊಂಡ. ಹೋಗಿ ಮಾತಾಡಿಸಬೇಕೆಂದು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಅವನು ನನ್ನ ಚಪ್ಪಲಿಯ ಸದ್ದು ಗುರುತು ಹಿಡಿದುಬಿಟ್ಟರೆ ಎಂದು ಹೆದರಿ ವಾಪಸ್ಸು ಬಂದೆ. ಅವನು ಸತ್ತದ್ದು ನಾನು ಕತ್ತಲಲ್ಲಿ ನಿಲ್ಲಿಸಿ ಆಟವಾಡಿಸಿದೆ ಎಂದು ನಂಬಿಕೊಂಡೇ ಇರಬೇಕು. ಅವನಿಗೆ ಗೊತ್ತಿದ್ದ ಲೈಟಿನವರು ಹಾಗೇ ಮಾಡುವವರು.

ಆ ನೋಟ್‌ಬುಕ್ಕು ಈಗಲೂ ಇದೆ. ಇಪ್ಪತ್ತಮೂರರ ಕೆಳಗೆ, ಶಾಖ ಮತ್ತು ಬೆಳಕು ಎಂಬ ಪಾಠವನ್ನು ವರ್ಷವರ್ಷವೂ ಮಾಡುವ ಕೈಯಲ್ಲೇ ಇನ್ನೊಂದನ್ನು ಸೇರಿಸಿದ್ದೇನೆ. ಇಪ್ಪತ್ತನಾಲ್ಕು: ದೀಪ ತಣ್ಣಗಿತ್ತು.