ಅಳಿಸಿದ ಷರತ್ತು

ಮಂಜುಳಾ, ನೀನು ಹೇಳಿದ ಆ ಒಂದು ಷರತ್ತನ್ನು ಅಳಿಸಿದವಳು ನಾನು. ಕಂಪನಿಯವರಲ್ಲ. ಅವರೇ ಅಳಿಸಿದರೆಂದು ನೀನು ನಂಬಿದೆ. ನಾನು ನಂಬಲು ಬಿಟ್ಟೆ — ಇಷ್ಟು ವರ್ಷ.

ಬೇರೆ ಯಾರಾದರೂ ಓದಿದರೂ ತಿಳಿಯಲಿ ಎಂದು ಮೊದಲಿನಿಂದ ಬರೆಯುತ್ತೇನೆ. ನಾನು ಹಾಸನದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ನೀನು ನನ್ನ ಹತ್ತಿರ ಡಿಪ್ಲೊಮಾ ಓದಿ, ಅರಕಲಗೂಡಿನ ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ತೆರೆದವಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕೋಣೆಗಳಲ್ಲಿ ಶಾಖ ನೋಡಿಕೊಳ್ಳುವ ಪೆಟ್ಟಿಗೆ ಕೆಟ್ಟರೆ ಸುತ್ತಲಿನ ರೈತರು ನಿನ್ನ ಬಳಿಗೇ ತರುತ್ತಿದ್ದರು. ಅದರೊಳಗಿನ ಮೈಕ್ರೊಕಂಟ್ರೋಲರ್ ಚಿಪ್ಪಿಗೆ ನೆಟ್ಟಗಿನ ಕೈಪಿಡಿ ಇರಲಿಲ್ಲ. ಅದರ ಮೆಮೊರಿಯ ಯಾವ ವಿಳಾಸದಲ್ಲಿ ಯಾವ ಅಂಕಿ ಬರೆದರೆ ಚಿಪ್ಪು ಏನು ಮಾಡುತ್ತದೆ ಎಂದು ನೀನೇ ಒಂದೊಂದಾಗಿ ಪರೀಕ್ಷಿಸಿ, ಮೂರು ವರ್ಷ, ನೋಟ್‌ಬುಕ್ಕುಗಳಲ್ಲಿ ಗುರುತು ಹಾಕಿಕೊಂಡೆ. ಆಮೇಲೆ ಆ ನೋಟ್‌ಬುಕ್ಕುಗಳನ್ನು ನನಗೆ ತಂದುಕೊಟ್ಟೆ, ಎಲ್ಲರಿಗೂ ಸಿಗುವ ಹಾಗೆ ಇಂಟರ್ನೆಟ್ಟಿಗೆ ಹಾಕಿ ಎಂದು.

ಹಾಗೆ ಹಾಕುವಾಗ ಒಂದು ಲೈಸೆನ್ಸ್ ಆರಿಸಬೇಕು — ತೆಗೆದುಕೊಂಡವರು ಏನು ಮಾಡಬಹುದು, ಏನು ಮಾಡಬಾರದು ಎನ್ನುವ ಕರಾರು. ಒಂದು ಬಗೆಯದರಲ್ಲಿ ಯಾರು ತಿದ್ದಿದರೂ ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಕೊಡಬೇಕು. ಇನ್ನೊಂದರಲ್ಲಿ ಆ ಕಟ್ಟುಪಾಡಿಲ್ಲ. ಒಯ್ದು ಬೀಗ ಹಾಕಿಕೊಳ್ಳಬಹುದು. ಎರಡನ್ನೂ ನಿನಗೆ ವಿವರಿಸಿದೆ. ನೀನು ಯೋಚನೆಗೂ ನಿಲ್ಲಲಿಲ್ಲ.

"ಯಾರ್ ಬೇಕಾದ್ರೂ ತಗಳ್ಳಿ ಮೇಡಂ. ಆದ್ರೆ ತಿದ್ದಿದ್ನ ನಮ್ಗೂ ಕೊಡ್ಬೇಕು, ಮುಚ್ಚಿಟ್ಕಬಾರ್ದು. ಅದೊಂದ ಬರ್ದ್ಬುಡಿ."

ಬರೆದೆ. ನಿಜವಾಗಿಯೂ ಬರೆದಿದ್ದೆ, ಮಂಜುಳಾ. ಇನ್ನೂ ಪ್ರಕಟಿಸಿರಲಿಲ್ಲ, ಅಷ್ಟರಲ್ಲಿ ಒಂದು ಕಂಪನಿಯ ಎಂಜಿನಿಯರ್ ಕಾಲೇಜಿಗೆ ಬಂದ. ನಾನೇ ಹೆಮ್ಮೆಯಿಂದ ಕಡತ ತೋರಿಸಿದೆ. ಆತ ಓದಿ, "ಈ ಷರತ್ತಿದ್ರೆ ನಾವು ಮುಟ್ಟೋಕಾಗಲ್ಲ ಮೇಡಂ. ತೆಗೆದುಬಿಡಿ, ಹಕ್ಕೂ ಒಬ್ಬರ ಹೆಸರಲ್ಲಿರ್ಲಿ. ನಿಮ್ ಡಿಪಾರ್ಟ್‌ಮೆಂಟಿಗೆ ಒಂದು ಲ್ಯಾಬ್ ಮಾಡ್ಕೊಡ್ತೀವಿ" ಎಂದ.

ಲ್ಯಾಬು ಮಕ್ಕಳಿಗಾಗಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದರ ಮುಖ್ಯಸ್ಥೆ ನಾನಾಗುತ್ತೇನೆಂದು ಆತ ಹೇಳುವ ಮೊದಲೇ ಲೆಕ್ಕ ಹಾಕಿದ್ದೆ. ಅದೇ ಮಧ್ಯಾಹ್ನ ಷರತ್ತು ಅಳಿಸಿ ಇನ್ನೊಂದು ಲೈಸೆನ್ಸ್ ಹಾಕಿ ಪ್ರಕಟಿಸಿದೆ. ಮಾಡಿದವರ ಹೆಸರಿನ ಜಾಗದಲ್ಲಿ ನನ್ನದೊಂದೇ ಹೆಸರು. ಹೊಳೇನರಸೀಪುರದ ಮೇಷ್ಟ್ರ ಮನೆಯಲ್ಲಿ ಹುಟ್ಟಿದವಳು ನಾನು. ಪರರ ಬರಹಕ್ಕೆ ನಮ್ಮ ಹೆಸರು ಹಾಕಬಾರದು ಎಂದು ನನಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಲ್ಯಾಬು ಬಂತು. ಕಂಪನಿಯ ಹೊಸ ಪೆಟ್ಟಿಗೆಯೂ ಅರಕಲಗೂಡಿಗೆ ಬಂತು. ನಿನ್ನ ಡೇಟಾದಲ್ಲಿದ್ದ ನಾಲ್ಕಾರು ತಪ್ಪುಗಳನ್ನು ಅವರು ತಿದ್ದಿಕೊಂಡಿದ್ದರು; ಯಾರಿಗೂ ತೋರಿಸಲಿಲ್ಲ. ಸೊಪ್ಪು ಬೇಯಿಸುವ ಕಾಲದಲ್ಲಿ ಒಬ್ಬ ರೈತ ಕೆಟ್ಟುಹೋದ ಅಂಥದೊಂದು ಹೊಸ ಪೆಟ್ಟಿಗೆ ತಂದ. ಒಳಗಿದ್ದದ್ದು ನೀನು ಅರೆದು ಕುಡಿದಿದ್ದ ಚಿಪ್ಪೇ, ಆದರೆ ಅದರ ಪ್ರೋಗ್ರಾಮಿಗೆ ಕಂಪನಿಯವರು ಬೀಗ ಹಾಕಿದ್ದರಿಂದ ಒಳಹೊಕ್ಕು ನೋಡಲು ನಿನಗಾಗಲಿಲ್ಲ. ಎರಡು ದಿನದಲ್ಲಿ ಶಾಖ ಏರಿ ಅವನ ಬ್ಯಾರನ್ನಿನ ಸೊಪ್ಪೆಲ್ಲ ಕರಕಲಾಯಿತು. ನಿನಗೆ ಕೆಲಸವೇ ಗೊತ್ತಿಲ್ಲ ಎಂದು ಅವನು ಅಂಗಡಿಯ ಮುಂದೆ ನಿಂತು ಹೇಳಿಹೋದ.

ನೀನು ನನಗೆ ಫೋನ್ ಮಾಡಿದೆ. "ಆ ಷರತ್ತು ಹಾಕಿದ್ರಿ ತಾನೇ ಮೇಡಂ?"

"ಹಾಕಿದೀನಿ."

ಈ ಒಂದು ಮಾತು — ಅಳಿಸಿದ್ದಕ್ಕಿಂತ ಇದೇ ದೊಡ್ಡದು. ಇದನ್ನೇ ನಂಬಿ ನೀನು ಚನ್ನರಾಯಪಟ್ಟಣದ ಅವರ ಡೀಲರ್ ಅಂಗಡಿಗೆ ಹೋದೆ. ಗಿರಾಕಿಗಳೆದುರಿಗೆ, ತಿದ್ದಿದ್ದನ್ನು ಕೊಡಿ, ಕರಾರಿದೆ ಎಂದು ಕೇಳಿದೆ. ಅವರ ಎಂಜಿನಿಯರ್ ಪರದೆಯ ಮೇಲೆ ಲೈಸೆನ್ಸ್ ತೆರೆದು ಒಂದೊಂದು ಸಾಲನ್ನೂ ಓದಿ ತೋರಿಸಿದ. ಷರತ್ತಿರಲಿಲ್ಲ. ನಿನ್ನ ಹೆಸರೂ ಇರಲಿಲ್ಲ. ಜನ ನಕ್ಕರಂತೆ.

ಸಂಜೆ ಮತ್ತೆ ಫೋನ್ ಮಾಡಿದಾಗ ನೀನು ಅಳುತ್ತಿರಲಿಲ್ಲ. "ಅವ್ರೇ ತಿದ್ದವ್ರೆ ಮೇಡಂ. ನಿಮ್ ಹೆಸ್ರೂ ಕೆಡಿಸ್ಬುಟ್ರಲ್ಲ" ಎಂದೆ. ನನಗಾಗಿ ಮರುಗಿದೆ. ಅವರಲ್ಲ, ನಾನು ಎನ್ನದೆ... ಫೋನ್ ಇಟ್ಟೆ.

ಅಂದಿನಿಂದ ನೀನು ಬ್ಯಾರನ್ ಪೆಟ್ಟಿಗೆ ಮುಟ್ಟಿಲ್ಲ. ಮಿಕ್ಸಿ, ಫ್ಯಾನು ಮಾತ್ರ ರಿಪೇರಿ ಮಾಡುತ್ತೀಯಂತೆ. ಹಾಕಿಬಿಟ್ಟ ಲೈಸೆನ್ಸನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ಮುಂದೆ ಸೇರಿಸುವುದಕ್ಕೆ ಬೇರೆ ಲೈಸೆನ್ಸ್ ಹಾಕಬಹುದು, ಆದರೆ ಮುಂದಿನದನ್ನು ಬರೆಯಬೇಕಾದವಳು ನೀನು. ನೀನು ಬರೆಯುವುದನ್ನೇ ಬಿಟ್ಟೆ.

ಹೋದ ವಾರ ಚನ್ನರಾಯಪಟ್ಟಣದ ಆ ಅಂಗಡಿಗೆ ಹೋಗಿದ್ದೆ. ಅವತ್ತು ಬಂದ ಹೆಂಗಸು ಹೇಳಿದ್ದೇ ನಿಜ, ಆ ಕೆಲಸವೆಲ್ಲ ಅವಳದು, ಷರತ್ತು ಅಳಿಸಿದವಳು ನಾನು ಎಂದೆ. ಅಂಗಡಿಯವನು ಬಿಲ್ ಬರೆಯುತ್ತಲೇ ಕೇಳಿದ:

"ಯಾವ್ ಎಂಗ್ಸು ಮೇಡಂ? ದಿನಾ ಎಷ್ಟೋ ಜನ ಬತ್ತಾರೆ."

ನಕ್ಕವರು ಮರೆತಿದ್ದಾರೆ. ನಿನಗೆ ಮರೆತಿರಲಾರದು. ಡೇಟಾದ ಮೊದಲ ಸಾಲಿನಲ್ಲಿ ಈಗ ನಿನ್ನ ಹೆಸರಿದೆ, ಅದರ ಕೆಳಗೆ ನಾನು ಮಾಡಿದ್ದೂ ಇದೆ. ಪ್ರಿನ್ಸಿಪಾಲರಿಗೂ ಬರೆದುಕೊಟ್ಟಿದ್ದೇನೆ. ಇದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ, ಬಲ್ಲೆ.

ನಾಳೆ ಬೆಳಿಗ್ಗೆ ಅರಕಲಗೂಡಿನ ಬಸ್ಸು ಹತ್ತುತ್ತೇನೆ. ನಿನ್ನೆದುರು ನಿಂತು ಇದನ್ನು ಬಾಯಿಬಿಟ್ಟು ಹೇಳಬೇಕು. ನೀನು ಒಳಗೆ ಕರೆಯದಿದ್ದರೆ ರಸ್ತೆಯಲ್ಲೇ ನಿಂತು ಹೇಳುತ್ತೇನೆ.