ಚಿಗರಿಯ ಕತ್ತು

ಮೊಳಕಾಲ್ಮೂರಿನಲ್ಲಿ ಗಂಗಾಂಬಿಕಾ ಎಂದರೆ ಯಾರಿಗೂ ಥಟ್ಟನೆ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಗಂಗಕ್ಕ ಎನ್ನಬೇಕು. ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆಯಲ್ಲಿ ಹುಟ್ಟಿ, ರೇಷ್ಮೆ ಸೀರೆ ವ್ಯಾಪಾರದ ಚಂದ್ರಶೇಖರನ ಕೈ ಹಿಡಿದು ಇಲ್ಲಿಗೆ ಬಂದವಳು. ನಲವತ್ತು ದಾಟಿದ ಮೇಲೆ ಸೀರೆಗೆ ಡಿಸೈನ್ ಬರೆಯುವುದನ್ನು ಕಲಿಯಲು ಕೂತಾಗ ಪೇಟೆಯ ಗಂಡಸರು ಮೀಸೆಯಡಿ ನಕ್ಕರು. ನಗಲಿ ಬಿಡಿ, ನಕ್ಕವರಿಗೆ ಬೇರೆ ಕೆಲಸವೇನಿತ್ತು? ಈಗ ಅವರೇ ಬಂದು ಅವಳ ಜಗುಲಿಯಲ್ಲಿ ಕಾಯುತ್ತಾರೆ. ಪರದೆಯ ಮೇಲೆ ಚೌಕಳಿಗೆ ಚೌಕಳಿ ಬಣ್ಣ ತುಂಬಿ, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಮಗ್ಗಕ್ಕೆ ಹೇಳಿಕೊಡುವ ಕೆಲಸ ಅವಳದು.

ಅವಳು ಕಲಿಯುವಾಗ ನಗದೆ ಇದ್ದವನು ಒಬ್ಬನೇ, ನೇಕಾರ ದೊಡ್ಡೀರಪ್ಪ. ಎಷ್ಟೋ ಸಲ ತಾನಾಗಿ ಬಂದು ಪಕ್ಕದಲ್ಲಿ ಕೂತು, ಅಂಚು ಎಲ್ಲಿ ಬಿಗಿಯಬೇಕು, ಸೆರಗು ಎಲ್ಲಿ ಸಡಿಲಿಸಬೇಕು ಎಂದು ತಿದ್ದಿದವನು. ಅಂಥ ಮುದುಕನಿಗೆ ಕಳೆದ ಬೇಸಿಗೆಯಲ್ಲಿ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಹೇಗೋ ಚೇತರಿಸಿಕೊಂಡವು. ನೆನಪು ಮಾತ್ರ ಅಲ್ಲಲ್ಲಿ ಜಾರತೊಡಗಿತು. ಒಂದು ದಿನ ಹೆಂಡತಿ ಯರ್ರಮ್ಮನ ಕೈ ಹಿಡಿದುಕೊಂಡು ಬಂದು, ಚಿಗರಿ ಅಂಚನ್ನು ಬರೆದುಕೊಳ್ಳಬೇಕೆಂದು ಕೇಳಿಕೊಂಡ.

ಅದು ಅವನ ಅಪ್ಪನ ಅಂಚು. ಹೊಂಗೆ ಹೂವಿನ ಸಾಲಿನ ನಡುವೆ ಓಡುತ್ತ ಓಡುತ್ತ ಕತ್ತು ತಿರುಗಿಸಿ ನೋಡುವ ಚಿಗರಿ ಜಿಂಕೆ. ಆ ಸೀರೆ ಉಟ್ಟವರು ಉಟ್ಟು ಹರಿದರು. ಹಳೆಯ ಮಗ್ಗದ ಮೇಲೆ ಆ ಚಿತ್ರಕ್ಕೆಂದೇ ಎಳೆ ಎಣಿಸಿ ಕಟ್ಟಿದ್ದ ದಾರದ ಜಾಲ ಇಲಿಗಳ ಪಾಲಾಯಿತು. ಉಳಿದಿದ್ದು ದೊಡ್ಡೀರಪ್ಪನ ತಲೆಯಲ್ಲಿ ಮಾತ್ರ. ಆ ತಲೆಯೂ ಖಾಲಿಯಾಗುವ ಮೊದಲು ಅದನ್ನು ಹೊರಗೆ ತೆಗೆಯಬೇಕಿತ್ತು. ಗಂಗಾಂಬಿಕಾ ಉಳಿದ ಕೆಲಸವನ್ನೆಲ್ಲ ಬದಿಗಿಟ್ಟಳು.

ಅವನು ಹೇಳುತ್ತಿದ್ದ ರೀತಿಯೇ ಬೇರೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಆಡಿಸುತ್ತ, ಮೂರು ಎತ್ತು, ಒಂದು ಬಿಡು, ಎರಡು ಎತ್ತು ಎಂದು ಶುರುಮಾಡಿದರೆ ನಡುವೆ ತಡೆಯುವಂತಿಲ್ಲ. ದಣಿವಾದಾಗ ತಾನೇ ನಿಲ್ಲಿಸಿ, ಜಗುಲಿಗೆ ಹೋಗಿ ಸ್ವಲ್ಪ ಅಡ್ಡಾಗುತ್ತಿದ್ದ. ಎದ್ದು ಬಂದು ಪರದೆಯ ಮೇಲೆ ನಿಂತ ಚಿತ್ರವನ್ನು ಕಂಡರೆ, ಬಿಟ್ಟ ಎಳೆ ಮತ್ತೆ ಸಿಗುತ್ತಿತ್ತು. ಕಾಣದಿದ್ದರೆ ಇಲ್ಲ.

ತೊಂದರೆ ಹುಟ್ಟಿದ್ದು ಅಲ್ಲೇ. ಅವನು ಮಲಗಿದಾಗ ಕಂಪ್ಯೂಟರ್ ಕೂಡ ನಿದ್ದೆಗೆ ಹೋಗುತ್ತಿತ್ತು. ಅವನು ಎದ್ದು ಬಂದಾಗ ಎಬ್ಬಿಸಲು ಹೋದರೆ ಫ್ಯಾನು ಒಮ್ಮೆ ಬುಸುಗುಟ್ಟಿ, ಪರದೆ ನೀಲಿಯಾಗಿ ಏನೇನೋ ಅಕ್ಷರ ಉಗುಳಿ ಕಪ್ಪಾಗುತ್ತಿತ್ತು. ಮತ್ತೆ ಮೊದಲಿನಿಂದ ಶುರುವಾಗಬೇಕು. ಉಳಿಸಿಟ್ಟ ಫೈಲು ಕೆಲವೊಮ್ಮೆ ತೆರೆದುಕೊಳ್ಳುತ್ತಿತ್ತು, ಕೆಲವೊಮ್ಮೆ ಕೆಟ್ಟುಹೋಗಿರುತ್ತಿತ್ತು. ಬೇರೆ ಕಡೆ ಇಟ್ಟ ಪ್ರತಿಯನ್ನು ಹುಡುಕಿ ತೆಗೆಯುವಷ್ಟರಲ್ಲಿ ಮುದುಕನ ಬೆರಳು ಸುಮ್ಮನಾಗಿರುತ್ತಿತ್ತು. ಅವನು ಖಾಲಿ ಪರದೆಯನ್ನು ನೋಡುತ್ತ ಕೂರುತ್ತಿದ್ದ.

ಮೈ, ಕಾಲು, ಹೂವು ಎಲ್ಲ ಹೇಗೋ ಬಂದವು. ಕತ್ತಿನ ಹತ್ತಿರ ಬಂದಾಗಲೆಲ್ಲ ಯಂತ್ರ ಕೈಕೊಟ್ಟಿತು. ಮೊದಲ ಸಲ ಹೇಳಿದ ಕತ್ತಿಗೂ ಎರಡನೆಯ ಸಲ ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಮೂರನೆಯ ಸಲ ಅವನು ಅರ್ಧಕ್ಕೇ ನಿಂತ.

ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಶಿಕಾಂತ್ ಅವಳ ತವರಿನ ಬೀದಿಯವನು. ಫೋನಿನಲ್ಲೇ ಒಂದೊಂದಾಗಿ ಹೇಳಿದ. ಪರದೆಯ ಡ್ರೈವರ್ ಬದಲಿಸಿದರು. ಮೌಸ್ ಕಿತ್ತು ನೋಡಿದರು. ನಿದ್ದೆಗೇ ಹೋಗದಂತೆ ಮಾಡಿಯೂ ನೋಡಿದರು. ಆದರೆ ಮಧ್ಯಾಹ್ನ ಕರೆಂಟ್ ಹೋಗುವ ಊರಿದು. ಎಚ್ಚರವಾಗಿಟ್ಟ ಯಂತ್ರಕ್ಕೆ ಯುಪಿಎಸ್ ಸಾಲದೆ ಕೂಗಿ ಕೂಗಿ ಸತ್ತುಹೋಗುತ್ತಿತ್ತು. ನಿದ್ದೆಯಲ್ಲಿಟ್ಟರೆ ಕರೆಂಟ್ ಬರುವವರೆಗೂ ತಡೆಯುತ್ತಿತ್ತು. ಕೊನೆಗೆ ಶಶಿಕಾಂತ್ ಬೇಸತ್ತು ಬೈಕ್ ಹತ್ತಿ ತಾನೇ ಬಂದ.

ಸೆಕೆಗೆಂದು ಗಂಗಾಂಬಿಕಾ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ತಿರುಗಿಸಿಟ್ಟಿದ್ದಳು. ಶಶಿಕಾಂತ್ ಬಗ್ಗಿ, ಒಳಗೆ ಸಾಲಾಗಿ ನಿಂತಿದ್ದ ರ‍್ಯಾಮ್ ಪಟ್ಟಿಗಳನ್ನು ಕಿತ್ತು ಬೆಳಕಿಗೆ ಹಿಡಿದ. ಅವುಗಳ ಚಿನ್ನದ ಬಣ್ಣದ ಹಲ್ಲುಗಳಿಗೆ, ಕೂರುವ ಸಂದಿಗೆ, ಬಿಳಿ ಬೂದಿ ಒಣಗಿ ಅಂಟಿತ್ತು.

“ಅಕ್ಕಾರೆ, ಇದು ಧೂಳಲ್ಲ. ವಿಭೂತಿ. ಹಸಿಯಾಗಿ ಹಚ್ಚೌರೆ.”

ಗಂಗಾಂಬಿಕಾಳಿಗೆ ಕೂಡಲೇ ಗೊತ್ತಾಯಿತು. ದೊಡ್ಡೀರಪ್ಪನ ಮನೆಯಲ್ಲಿ ಮಗ್ಗಕ್ಕೆ ಕೂರುವ ಮೊದಲು ಹಣಿಗೆಗೆ ವಿಭೂತಿ ಹಚ್ಚುವುದು ರೂಢಿ. ಎಲ್ಲ ಎಳೆಗಳೂ ಹಾದುಹೋಗುವ ಬಾಚಣಿಗೆಯಂಥದ್ದು ಹಣಿಗೆ. ಮಗ್ಗದ ಚೌಕಟ್ಟಿಗೆ ಹಚ್ಚಿದರೆ ಅವರ ಮನೆಯಲ್ಲಿ ಲೆಕ್ಕಕ್ಕಿಲ್ಲ, ಹಲ್ಲಿಗೇ ಹಚ್ಚಬೇಕು. ಮುದುಕ ದಿನಾ ಬೆಳಿಗ್ಗೆ ಬಂದವನೇ ಪೆಟ್ಟಿಗೆಯ ಮುಂದೆ ಬಗ್ಗುತ್ತಿದ್ದ. ಕೈ ಮುಗಿಯುತ್ತಾನೆಂದು ಇವಳು ಒಲೆಯ ಮೇಲಿನ ಚಹಾ ನೋಡಲು ಹೋಗುತ್ತಿದ್ದಳು. ಅವನು ಒಳಗೆ ಸಂದಿಯ ಅಂಚಿನಲ್ಲಿ ಇಣುಕುವ ಹಲ್ಲಿನ ಸಾಲು ಕಂಡು, ಇದೇ ಹಣಿಗೆ ಎಂದುಕೊಂಡು, ಮೂರು ಬೆರಳಿನಲ್ಲಿ ಭಕ್ತಿಯಿಂದ ಬಳಿದಿದ್ದಾನೆ. ನೀರಾದ ವಿಭೂತಿ ಸಂದಿಗೆ ಇಳಿದಿದೆ. ಕೈಮುಗಿಯುವುದೋ ಬೈಯುವುದೋ ಹೇಳಿ!

ಶಶಿಕಾಂತ್ ತಿಳಿಸಿ ಹೇಳಿದ. ಯಂತ್ರ ಮಲಗಿದಾಗ ಮಾಡುತ್ತಿದ್ದ ಕೆಲಸವನ್ನೆಲ್ಲ ಈ ಪಟ್ಟಿಗಳೇ ಹಿಡಿದುಕೊಂಡಿರುತ್ತವೆ. ಹಲ್ಲು ಸರಿಯಾಗಿ ಕಚ್ಚದಿದ್ದರೆ ಏಳುವಷ್ಟರಲ್ಲಿ ಹಿಡಿದದ್ದು ಬಿಟ್ಟುಹೋಗಿರುತ್ತದೆ. ಅವನು ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸಂದಿಯನ್ನು ಬ್ರಷ್ಷಿನಿಂದ ತೆಗೆದು, ಪಟ್ಟಿಗಳನ್ನು ಒತ್ತಿ ಕೂರಿಸಿದ. ಯಂತ್ರವನ್ನು ಮಲಗಿಸಿ ಎಬ್ಬಿಸಿದ. ಕತ್ತಿಲ್ಲದ ಚಿಗರಿ ಹಾಗೆಯೇ ಪರದೆಯ ಮೇಲೆ ನಿಂತಿತ್ತು. ಮತ್ತೆ ಮತ್ತೆ ಎಬ್ಬಿಸಿದರೂ ನಿಂತಿತ್ತು. ಮುಚ್ಚಳಕ್ಕೆ ಸ್ಕ್ರೂ ಬಿಗಿದು, ಇನ್ನು ತೆಗೆಯಬೇಡಿರೆಂದು ಹೇಳಿ ಹೊರಟ. ಅಜ್ಜನಿಗೆ ಇದನ್ನು ಹೇಳಬೇಡವೆಂದು ಗಂಗಾಂಬಿಕಾ ಅವನ ಬೈಕಿನವರೆಗೂ ಹೋಗಿ ಕೇಳಿಕೊಂಡಳು.

ಮಾರನೆಯ ಬೆಳಿಗ್ಗೆ ದೊಡ್ಡೀರಪ್ಪ ಎಂದಿನಂತೆ ಬಂದ. ಬೆರಳಿಗೆ ಹಸಿ ವಿಭೂತಿ ತೆಗೆದುಕೊಂಡು ಬಗ್ಗಿದ. ಮುಚ್ಚಳ ತಡವಿ ಹಾಗೆಯೇ ನಿಂತ. ಒಳಗೆ ಧೂಳು ಹೋಗುತ್ತೆ ಅಂತ ಮುಚ್ಚಿಸಿದೆ ಎಂದು ಗಂಗಾಂಬಿಕಾ ಅಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಮುಖ ನೋಡದೆಯೇ ಅಂದಳು. ಯರ್ರಮ್ಮ ಗಂಡನ ಕೈಯನ್ನೇ ನೋಡುತ್ತಿದ್ದಳು. ಮುದುಕನ ನೆನಪು ಹೋಗಿತ್ತೇ ಹೊರತು ಬುದ್ಧಿ ಹೋಗಿರಲಿಲ್ಲ.

“ನನ್ ಕೈಯಿಂದ್ಲೇ ಕೆಟ್ಟೈತೆ. ಅಲ್ವಾ ತಾಯಿ?”

ಗಂಗಾಂಬಿಕಾ ಯಂತ್ರವನ್ನು ಎಬ್ಬಿಸಲು ಗುಂಡಿ ಒತ್ತಿದಳು. ಅವನು ಬೆರಳಿನ ವಿಭೂತಿಯನ್ನು ಏನು ಮಾಡಲೂ ತೋಚದೆ ಪಂಚೆಗೆ ಒರೆಸಿಕೊಂಡ. ಆಮೇಲೆ ಕೂತು ಕಣ್ಣು ಮುಚ್ಚಿದ. ತೊಡೆಯ ಮೇಲೆ ಬೆರಳು ಆಡಿಸಿದ. ಮೂರು ಎತ್ತು ಎಂದ. ಮತ್ತೆ ಮೂರು ಎತ್ತು ಎಂದ. ಮುಂದಿನದು ಬರಲಿಲ್ಲ. ಅವನು ವಿಶ್ರಾಂತಿ ತೆಗೆದುಕೊಂಡು ಬಂದಾಗಲೆಲ್ಲ ಯಂತ್ರ ಎದ್ದಿತು, ಚಿತ್ರ ಇದ್ದಲ್ಲೇ ಇತ್ತು, ಕತ್ತು ಮಾತ್ರ ಇಲ್ಲ. ವಾರವೆಲ್ಲ ಹೀಗೆಯೇ ಹೋಯಿತು. ಗಂಗಾಂಬಿಕಾ ಅಡುಗೆಮನೆಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಒಂದು ದಿನ, ಒಂದೇ ಒಂದು ದಿನ ಚಹಾ ಉಕ್ಕಿದರೆ ಉಕ್ಕಲಿ ಎಂದು ಅಲ್ಲೇ ನಿಂತು ನೋಡಿದ್ದರೆ ಎಂದು ತನ್ನನ್ನೇ ಶಪಿಸಿಕೊಂಡಳು.

ಕೊನೆಗೆ ಅವನೇ ಹೇಳಿದ, ಕತ್ತನ್ನು ನೀನೇ ತಿರುಗಿಸು ಎಂದು. ಅವಳು ಒಲ್ಲೆನೆಂದಳು. ಅವನು ಬಿಡಲಿಲ್ಲ. ಅವಳು ಚೌಕಳಿ ತುಂಬುತ್ತ ಹೋದಳು. ಮೊದಲ ಎರಡು ಸಲ ಅವನು ಹೇಳಿದ್ದನ್ನು ನೆನೆದು, ಎರಡೂ ತಾಳೆಯಾಗದ ಕಡೆ ತನಗೆ ತೋಚಿದಂತೆ ಬಾಗಿಸಿದಳು. ಹುಲ್ಲುಗಾವಲಿನಲ್ಲಿ ಬಸ್ಸಿನ ಸದ್ದಿಗೆ ಓಡಿ, ದೂರದಲ್ಲಿ ನಿಂತು ತಿರುಗುವ ಚಿಗರಿಗಳನ್ನು ತವರಿನ ದಾರಿಯಲ್ಲಿ ನೋಡಿದವಳು ಅವಳು. ಮುಗಿಸಿ, ಅವನು ಕಾಣುವಂತೆ ಪರದೆ ತಿರುಗಿಸಿದಳು.

ದೊಡ್ಡೀರಪ್ಪ ಬಹಳ ಹೊತ್ತು ನೋಡಿದ. ಹೌದು, ಇದೇ ಎನ್ನಲಿ ಎಂದು ಅವಳು ಒಳಗೊಳಗೆ ಬೇಡಿಕೊಳ್ಳುತ್ತಿದ್ದಳು. ಸುಳ್ಳಾದರೂ ಸರಿ, ಹೇಳಿಬಿಡಲಿ.

“ನಮ್ಮಪ್ಪಂದು ಹಿಂಗಿರ್ಲಿಲ್ಲ ತಾಯಿ,” ಅಂದ. ಪರದೆಯ ಹತ್ತಿರ ಬಗ್ಗಿ, “ಆದ್ರೂ ಇದು ತಿರುಗಿ ನೋಡ್ತೈತೆ. ಮಗ್ಗಕ್ಕೆ ಹಾಕ್ಸು.”